ನೀನಿರುವ ಊರು

ಪುಟ್ಟಿ,

ಶನಿವಾರ ಬಂತೆಂದರೆ ನೀನು ಶಿಕಾಗೋಗೋ ಇಂಡಿಯಾನಾಪೊಲಿಸ್‌ಗೋ ಹೊರಟುಬಿಡುತ್ತೀಯ. ಇಂಡಿಯಾನಾ ರಾಜ್ಯದ ಈ ಕೊಲಂಬಸ್‌ನಲ್ಲಿ ಆಫೀಸು, ಜೋಳದ ಹೊಲ ಬಿಟ್ಟರೆ ಏನಿದೆ ಅಂತೀಯ. ನಿನ್ನ ಮನೆಯಲ್ಲಿದ್ದಾಗ ನೀನು ಕೆಲಸಕ್ಕೆ ಹೋದ ಮೇಲೆ ನಾನು ಸುಮ್ನೆ ಕೂರಲಿಲ್ಲ. ಊರೆಲ್ಲ ಓಡಾಡಿದೆ, ಲೈಬ್ರರಿಯಲ್ಲಿ ಕೂತು ಓದಿದೆ. ಅಂದಹಾಗೆ ಆ ಲೈಬ್ರರಿ ರೂಪಿಸಿದವರು ಆರ್ಕಿಟೆಕ್ಟ್ ಐ. ಎಂ. ಪೇ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ಗಾಜಿನ ಪಿರಮಿಡ್ ಮಾಡಿದರಲ್ಲ, ಅವರೇ.

ಸುಮಾರು 50 ಸಾವಿರ ಜನರ ಊರು. ಅಲ್ಲಿ ಇಂಥವರು ಬಂದು ಕಟ್ಟಿದ್ದು ಹೇಗೆ? ಕಥೆ ಶುರುವಾಗುವುದು ನಿನ್ನ ಕಂಪನಿಯಿಂದಲೇ, ಇಂಜಿನ್ ಮಾಡುವ ಕಮ್ಮಿನ್ಸ್‌ನಿಂದ. ಕ್ಲೆಸ್ಸಿ ಕಮ್ಮಿನ್ಸ್ ಅನ್ನುವವನು ಊರಿನ ಬ್ಯಾಂಕ್ ಮಾಲೀಕ ಇರ್ವಿನ್ ಮನೆಯ ಕಾರು ಓಡಿಸುತ್ತಿದ್ದ, ರಿಪೇರಿಯನ್ನೂ ಮಾಡುತ್ತಿದ್ದ. ಇರ್ವಿನ್ ದುಡ್ಡು ಹಾಕಿದ, 1919ರಲ್ಲಿ ಕಂಪನಿ ಹುಟ್ಟಿತು. ಹತ್ತು ವರ್ಷ ಬರೀ ನಷ್ಟ. 1929ರ ಕ್ರಿಸ್‌ಮಸ್ ದಿನ ಕ್ಲೆಸ್ಸಿ ಒಂದು ಹಳೇ ಪ್ಯಾಕರ್ಡ್ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿ ಯಜಮಾನನನ್ನು ಒಂದು ಸುತ್ತು ಕರೆದುಕೊಂಡು ಹೋದ. ಇರ್ವಿನ್ ಮತ್ತೆ ದುಡ್ಡು ಹಾಕಿದ. ನಮ್ಮ ಕಡೆಯ ಎಷ್ಟೋ ಮಕ್ಕಳು ಇವತ್ತು ಆ ಊರಲ್ಲಿ ಕೆಲಸಕ್ಕಿದ್ದಾರೆಂದರೆ ಅದಕ್ಕೆ ಆ ಒಂದು ಸುತ್ತೂ ಕಾರಣ, ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಶಾಲೆಗಳ ವಿಷಯ. ಮೂವತ್ತು ವರ್ಷ ಸೋರುವ ಕೋಣೆಗಳಲ್ಲಿ ಪಾಠ ಮಾಡಿದವಳು, ಹಿಡಿಸದೆ ಇರುತ್ತದೆಯೇ? ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಲ್ಲಿ ಮಕ್ಕಳು ಹೆಚ್ಚಾದರು, ಶಾಲೆ ಸಾಲದಾಯಿತು. ಅವಸರದಲ್ಲಿ ಎಬ್ಬಿಸಿದ ಕಟ್ಟಡಗಳು ಯಾರಿಗೂ ಸಮಾಧಾನ ಕೊಡಲಿಲ್ಲ. ಆಗ ಇರ್ವಿನ್ನನ ಸೋದರಿಯ ಮೊಮ್ಮಗ ಜೆ. ಇರ್ವಿನ್ ಮಿಲ್ಲರ್ ಕಂಪನಿಯ ಫೌಂಡೇಶನ್ ಕಡೆಯಿಂದ ಒಂದು ಮಾತು ಕೊಟ್ಟ. ಒಳ್ಳೆಯ ಆರ್ಕಿಟೆಕ್ಟ್‌ಗಳ ಪಟ್ಟಿ ನಾವು ಕೊಡುತ್ತೇವೆ, ಅದರಲ್ಲಿ ಒಬ್ಬರನ್ನು ನೀವೇ ಆರಿಸಿ, ಅವರ ಫೀಸು ನಮ್ಮದು. ಕಟ್ಟುವ ಖರ್ಚು ಊರಿನದೇ, ಕಟ್ಟಡ ಹೇಗಿರಬೇಕು ಎನ್ನುವುದೂ ಊರಿಗೇ ಬಿಟ್ಟದ್ದು. 1957ರಲ್ಲಿ ಹ್ಯಾರಿ ವೀಸ್ ಮಾಡಿದ ಶ್ಮಿಟ್ ಪ್ರಾಥಮಿಕ ಶಾಲೆ ಮೊದಲನೆಯದು. ಆಮೇಲೆ ಸಾಲಾಗಿ ಶಾಲೆಗಳು, ಫೈರ್ ಸ್ಟೇಷನ್ನುಗಳು ಬಂದವು. ಒಳ್ಳೆಯ ಇಂಜಿನಿಯರುಗಳು ಈ ಸಣ್ಣ ಊರಿಗೆ ಬಂದು ನಿಲ್ಲಲಿ ಎನ್ನುವ ಲೆಕ್ಕಾಚಾರವೂ ಇತ್ತು. ಇರಲಿ, ಅದರಲ್ಲಿ ತಪ್ಪೇನು? ಮೊದಲು ಲಾಭವಾದದ್ದು ಒಂದನೇ ಕ್ಲಾಸಿನ ಮಕ್ಕಳಿಗೆ.

ನಾಲ್ಕನೇ ನಂಬರಿನ ಫೈರ್ ಸ್ಟೇಷನ್ ನೋಡಿದ್ದೀಯಾ? 1968ರದು, ರಾಬರ್ಟ್ ವೆಂಚೂರಿಯದು. ತಗ್ಗಾದ ಸಾದಾ ಕಟ್ಟಡ. ಮಧ್ಯದಲ್ಲಿ ಒಂದು ಎತ್ತರದ ಗೋಪುರ, ಅದರ ಮೇಲೆ ದೊಡ್ಡದಾಗಿ 4. ಶೋಕಿಗೆ ಎಬ್ಬಿಸಿದ್ದು ಅಂದುಕೊಂಡಿದ್ದೆ. ಬೆಂಕಿ ಆರಿಸಿ ಬಂದ ಮೇಲೆ ಒದ್ದೆ ಪೈಪುಗಳನ್ನು ಉದ್ದಕ್ಕೆ ಇಳಿಬಿಟ್ಟು ಒಣಗಿಸುವ ಜಾಗವಂತೆ. ತುಂಬಾ ಹೊತ್ತು ನಿಂತು ನೋಡಿದೆ.

ಈರೋ ಸಾರಿನೆನ್ 1954ರಲ್ಲಿ ಮಾಡಿದ ಬ್ಯಾಂಕಿಗೆ ಗಾಜಿನ ಗೋಡೆ. ಬ್ಯಾಂಕೆಂದರೆ ಕಬ್ಬಿಣದ ಸರಳು ಅನ್ನುವ ಕಾಲ ಅದು! ಅವನೇ ರೂಪಿಸಿದ ನಾರ್ತ್ ಕ್ರಿಶ್ಚಿಯನ್ ಚರ್ಚು 1964ರಲ್ಲಿ ಮುಗಿಯುವ ಹೊತ್ತಿಗೆ ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಚರ್ಚಿಗೆ ಬರುವವರು ಕಡಿಮೆಯಾಗಿ 2022ರಲ್ಲಿ ಅದು ಮುಚ್ಚಿತು. ಆದರೂ ಊರಿನವರು ಕೈಬಿಡಲಿಲ್ಲ, ಲೈಬ್ರರಿಯವರು ವಹಿಸಿಕೊಂಡರು.

ಎಲ್ಲವೂ ಚೆಂದವೇ ಅಂತಲ್ಲ. 2008ರ ಜೂನ್‌ನಲ್ಲಿ ಹಾ ಕ್ರೀಕ್ ಎಂಬ ಸಣ್ಣ ಹಳ್ಳ ಉಕ್ಕಿ ಆಸ್ಪತ್ರೆಗೇ ನುಗ್ಗಿತು, ರೋಗಿಗಳನ್ನೆಲ್ಲ ಬೇರೆಡೆ ಸಾಗಿಸಬೇಕಾಯಿತು. ಊರು ಅಂದಮೇಲೆ ಅದರ ನೀರಿನ ದಾರಿಯನ್ನೂ ತಿಳಿದಿರಬೇಕು, ಮಗಳೇ.

ಈ ಶನಿವಾರ ಕಾರು ಮನೆಯಲ್ಲೇ ಬಿಡು. 1900ರಲ್ಲಿ ಶುರುವಾದ ಜಹಾರಾಕೋಸ್ ಅಂಗಡಿಗೆ ನಡೆದು ಹೋಗು. ಗ್ರೀಸ್‌ನಿಂದ ಬಂದ ಅಣ್ಣತಮ್ಮಂದಿರು ಇಟ್ಟ ಐಸ್‌ಕ್ರೀಂ ಅಂಗಡಿ ಅದು. ಒಳಗೆ ತಾನಾಗಿ ನುಡಿಯುವ ದೊಡ್ಡದೊಂದು ವಾದ್ಯವಿದೆ, ಕೇಳು. ನಿನ್ನ ಆಫೀಸಿನಲ್ಲಿ ಅಲ್ಲೇ ಹುಟ್ಟಿ ಬೆಳೆದವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗು. ಯಾವ ಶಾಲೆಯಲ್ಲಿ ಓದಿದರು, ಕ್ಲಾಸಿನೊಳಗೆ ಬೆಳಕು ಎಲ್ಲಿಂದ ಬೀಳುತ್ತಿತ್ತು, ಕೂತಲ್ಲಿಂದ ಕಿಟಕಿಯಾಚೆ ಏನು ಕಾಣುತ್ತಿತ್ತು, ಎಲ್ಲ ಕೇಳಿ ನನಗೆ ಬರೆ.

ನಿನ್ನ ಅಮ್ಮ