ಅರೋರಾ ಬಗ್ಗೆ ಫಾರ್ವರ್ಡ್ ಮಾಡುವ ಮೊದಲು

ಎಲ್ಲರಿಗೂ ನಮಸ್ಕಾರ. ವ್ಯಾನ್ ಅಲೆನ್ ಪಟ್ಟಿಗಳು (ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನಿನಂಥ ಕಣಗಳ ವಲಯಗಳು) ಸೋರಿ ಉತ್ತರ ಧ್ರುವದ ಬೆಳಕು, ಅಂದರೆ ಅರೋರಾ, ಬರುತ್ತದೆ ಅನ್ನೋ ಚಿತ್ರ ನಿನ್ನೆಯಿಂದ ಮೂರು ಸಲ ಬಂದಿದೆ. ದಯವಿಟ್ಟು ಮತ್ತೆ ಹಾಕಬೇಡಿ, ಆ ವಾದ 60 ವರ್ಷದ ಹಿಂದೆಯೇ ಬಿದ್ದುಹೋಗಿದೆ.

ಬೀಳಿಸಿದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ತಾವೇ ಕಟ್ಟಿದ ಇಂಜುನ್ ಉಪಗ್ರಹಗಳು. ಮೊದಲನೆಯದು 1961ರ ಜೂನ್ 29ರಂದು ಹಾರಿತು. ಜೊತೆಗೆ ಹೋದ ಸೋಲ್‌ರಾಡ್ 3 ಅನ್ನೋ ಇನ್ನೊಂದು ಉಪಗ್ರಹದಿಂದ ಬಿಡಿಸಿಕೊಳ್ಳಲಾಗದೆ ಎರಡೂ ಅಂಟಿಕೊಂಡೇ ಸುತ್ತಿದವು, ಆದರೂ ಮಾಹಿತಿ ಕಳಿಸಿತು ಪಾಪ. ಎರಡನೆಯದು ಕಕ್ಷೆಗೇ ಸೇರಲಿಲ್ಲ.

1962ರ ಡಿಸೆಂಬರ್‌ನಲ್ಲಿ ಹೋದ ಇಂಜುನ್ 3 ನನಗೆ ಜಾಸ್ತಿ ಇಷ್ಟ. ಒಳಗೊಂದು ಕಾಯಂ ಅಯಸ್ಕಾಂತ ಇಟ್ಟಿದ್ದರು, ದಿಕ್ಸೂಚಿಯ ಮುಳ್ಳಿನ ಹಾಗೆ ಉಪಗ್ರಹ ಭೂಮಿಯ ಕಾಂತರೇಖೆಗೆ ತಾನಾಗೇ ಹೊಂದಿಕೊಳ್ಳುತ್ತಿತ್ತು, ಹಾಗಾಗಿ ಕೆಳಗಿನ ಅರೋರಾ ಬೆಳಕನ್ನೂ ಮೇಲಿಂದ ಸುರಿದು ಅದನ್ನು ಹೊತ್ತಿಸುವ ಎಲೆಕ್ಟ್ರಾನುಗಳನ್ನೂ ಒಟ್ಟಿಗೇ ಅಳೆಯೋಕಾಯಿತು. ಎಷ್ಟು ಸರಳ ಉಪಾಯ ಅಲ್ವಾ?

ಇದರ ಮೇಲೆ ಕೆಲಸ ಮಾಡಿದ ಭೌತವಿಜ್ಞಾನಿ ಬ್ರಯಾನ್ ಓ'ಬ್ರಯನ್ ಲೆಕ್ಕ ಹಾಕಿದರು: ಪಟ್ಟಿ ತೂತಾದ ಬಕೆಟ್ ಆಗಿದ್ದರೆ ಕೆಲವೇ ಗಂಟೆಗಳಲ್ಲಿ ಖಾಲಿಯಾಗಬೇಕಿತ್ತು. ಆಗಲಿಲ್ಲ. ಅರೋರಾ ಜೋರಾದಾಗ ಕೆಳಗೆ ಬೀಳುವ ಎಲೆಕ್ಟ್ರಾನುಗಳೂ ಪಟ್ಟಿಯಲ್ಲಿ ಸಿಕ್ಕಿಬಿದ್ದವೂ ಎರಡೂ ಹೆಚ್ಚುತ್ತಿದ್ದವು. ಅಂದರೆ ಎಲೆಕ್ಟ್ರಾನು ಸುರಿಸುವ ನಲ್ಲಿ ಬೇರೆಲ್ಲೋ ಇದೆ, ಬಕೆಟ್‌ಗೆ ಅದರ ಎರಚಲು ಬೀಳುತ್ತಿದೆ ಅಷ್ಟೇ.

ಶನಿವಾರ ರಾತ್ರಿ 8ಕ್ಕೆ ಇದರ ಬಗ್ಗೆಯೇ ಮಾತಾಡೋಣ. ಪ್ರಶ್ನೆಗಳನ್ನು ಇಲ್ಲೇ ಹಾಕಿ, ಗುಡ್ ಮಾರ್ನಿಂಗ್ ಚಿತ್ರಗಳನ್ನಲ್ಲ.