ಟ್ಯೂಡ್ಲಿ ಚರ್ಚಿನ ನೀಲಿ ಕಿಟಕಿ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ ಗಂಟಲು ಕಟ್ಟುತ್ತೆ, ಅದಕ್ಕೇ ಬರೀತಿದೀನಿ. ಮೊನ್ನೆ ಇಂಗ್ಲೆಂಡಿನ ಕೆಂಟ್‌ನಲ್ಲಿ, ಟನ್‌ಬ್ರಿಜ್ ಹತ್ರ ಇರೋ ಟ್ಯೂಡ್ಲಿ ಅನ್ನೋ ಹಳ್ಳಿಗೆ ಹೋಗಿದ್ದೆ, ಅಲ್ಲಿನ ಆಲ್ ಸೇಂಟ್ಸ್ ಚರ್ಚ್ ನೋಡೋಕೆ. ಇಟ್ಟಿಗೆ ಗೋಪುರದ ಪುಟ್ಟ ಪ್ಯಾರಿಷ್ ಚರ್ಚು ಕಣೋ, ಸುತ್ತ ಸಮಾಧಿಗಳು, ಆಚೆ ಹೊಲ, ಅಷ್ಟೇ. ಹೊರಗಿಂದ ಕಿಟಕಿಗಳೆಲ್ಲ ಕಪ್ಪಗೆ ಮಂಕಾಗಿದ್ವು. ಬಾಗಿಲು ತಳ್ಳಿ ಒಳಗೆ ಕಾಲಿಟ್ರೆ ಪೂರ್ವದ ಗೋಡೇಲಿ ಸಮುದ್ರ ಎದ್ದು ನಿಂತಿದೆ, ನಿಜವಾಗ್ಲೂ ಹಾಗೇ ಅನ್ಸಿದ್ದು.

1963ರಲ್ಲಿ ಈ ಊರಿನ ಸಾರಾ ಅನ್ನೋ ಹುಡುಗಿ ದೋಣಿ ಅಪಘಾತದಲ್ಲಿ ಸಮುದ್ರದ ಪಾಲಾದ್ಲು, ಬರೀ 21 ವರ್ಷ. ಚಿತ್ರಕಾರ ಮಾರ್ಕ್ ಶಗಾಲ್ ಜೆರುಸಲೇಮಿಗೆ ಅಂತ ಮಾಡಿದ್ದ ಬಣ್ಣದ ಗಾಜಿನ ಕಿಟಕಿಗಳನ್ನ 1961ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಅವಳು ನೋಡಿ ತುಂಬಾ ಮೆಚ್ಕೊಂಡಿದ್ಲಂತೆ, ಹಾಗಾಗಿ ಅವಳ ನೆನಪಿಗೆ ಒಂದು ಕಿಟಕಿ ಅಂತ ಅಪ್ಪ ಅಮ್ಮ ಶಗಾಲ್‌ರನ್ನೇ ಕೇಳ್ಕೊಂಡ್ರು. 1967ರಲ್ಲಿ ಅದು ಕೂತಾಗ ಶಗಾಲ್ ಅವರೇ ಬಂದು ನೋಡಿ, ಮಿಕ್ಕ ಕಿಟಕಿಗಳನ್ನೆಲ್ಲಾ ನಾನೇ ಮಾಡ್ತೀನಿ ಅಂದ್ರಂತೆ. ಆ ವರ್ಷ ಅವರಿಗೆ 80! ಹೀಗೆ ಒಂದಿದ್ದದ್ದು 12 ಕಿಟಕಿ ಆಯ್ತು, ಕೊನೇವು ಕೂತಿದ್ದು 1985ರಲ್ಲಿ, ಅವರು ತೀರ್ಕೊಂಡ ವರ್ಷ. ಅವುಗಳಿಗೆ ಜಾಗ ಮಾಡೋಕೆ ತೆಗೆದ ವಿಕ್ಟೋರಿಯನ್ ಕಾಲದ ಗಾಜನ್ನೂ ಬಿಸಾಕಿಲ್ಲ, ಪಕ್ಕದ ಕೋಣೇಲಿ ಹಿಂದೆ ದೀಪ ಹಾಕಿ ಇಟ್ಟಿದಾರೆ, ಅದು ನಂಗೆ ತುಂಬಾ ಇಷ್ಟ ಆಯ್ತು.

ಸಾರಾ ನೆನಪಿನ ಆ ಪೂರ್ವದ ನೀಲಿ ಕಿಟಕಿಯ ಕೆಳಭಾಗದಲ್ಲಿ ಅಲೆಗಳ ಮಧ್ಯೆ ಹುಡುಗಿ ತೇಲ್ತಿದಾಳೆ. ಪಕ್ಕದಲ್ಲಿ ಮಕ್ಕಳನ್ನ ಅಪ್ಕೊಂಡ ತಾಯಿ. ಒಂದು ಕೆಂಪು ಕುದುರೆ, ಒಂದು ಏಣಿ, ಏಣಿಯ ಮೇಲ್ಗಡೆ ಶಿಲುಬೆ ಮೇಲಿನ ಯೇಸು, ಆ ಮುಖದಲ್ಲಿ ನೋವಿಗಿಂತ ಕನಿಕರ ಜಾಸ್ತಿ ಕಾಣ್ತು ನಂಗೆ. ನಾನು ಆ ತಾಯೀನೇ ನೋಡ್ತಾ ನಿಂತುಬಿಟ್ಟೆ.

ನೀನು ವಾಟರ್‌ಕಲರ್ ಮಾಡೋನು, ನಿಂಗೆ ಇದು ಹೇಳಲೇಬೇಕು. ಹಳೇ ಕಿಟಕಿಗಳಲ್ಲಿ ಸಾಮಾನ್ಯವಾಗಿ ಬಣ್ಣ ಬದಲಾದಲ್ಲೆಲ್ಲ ಗಾಜು ಕತ್ತರಿಸಿ ಮಧ್ಯೆ ಸೀಸದ ಪಟ್ಟಿ ಕೂರಿಸ್ತಿದ್ರು, ಚಿತ್ರದ ಗೆರೆ ಅಂದ್ರೆ ಸೀಸದ ಗೆರೆ. ಶಗಾಲ್ ಜೊತೆ ಫ್ರಾನ್ಸಿನ ರೀಮ್ಸ್‌ನಲ್ಲಿ ಕೆಲಸ ಮಾಡ್ತಿದ್ದ ಗಾಜಿನ ಕುಶಲಕರ್ಮಿ ಶಾರ್ಲ್ ಮಾರ್ಕ್, ತೆಳುವಾಗಿ ಬಣ್ಣದ ಪದರ ಇರೋ ಗಾಜನ್ನ ಆಸಿಡ್ಡಿಂದ ಅಲ್ಲಲ್ಲಿ ಸವೆಸ್ತಿದ್ರು, ಆಗ ಒಂದೇ ತುಂಡಲ್ಲಿ ಗಾಢ ನೀಲಿ ತಿಳಿಯಾಗ್ತಾ ಆಗ್ತಾ ಬಿಳಿಗೆ ಹೋಗುತ್ತೆ, ಅದರ ಮೇಲೆ ಶಗಾಲ್ ತಾವೇ ಕಪ್ಪು ಬಣ್ಣದಲ್ಲಿ ಬರೀತಿದ್ರು. ಒದ್ದೆ ಪೇಪರ್ ಮೇಲೆ ನೀನು ಬಣ್ಣ ಬಿಟ್ಟಾಗ ಹರಡುತ್ತಲ್ಲ, ಥೇಟ್ ಹಾಗೇ, ಆದ್ರೆ ಗಾಜಲ್ಲಿ!

ನಾನು ಹೋಗಿದ್ದು ಮಧ್ಯಾಹ್ನ ದಾಟಿದ್ಮೇಲೆ, ದಕ್ಷಿಣದ ಹಳದಿ ಕಿಟಕಿಗಳಿಂದ ಬಿಸಿಲು ಬೆಂಚಿನ ಮೇಲೆ, ನನ್ನ ಕೈ ಮೇಲೆಲ್ಲ ಬಿದ್ದಿತ್ತು. ಪೂರ್ವದ ಕಿಟಕಿಗೆ ಸೂರ್ಯ ಸಿಗೋದು ಬೆಳಿಗ್ಗೆ. ಅದನ್ನ ಒಬ್ನೇ ನೋಡೋಕೆ ಮನಸ್ಸಿಲ್ಲ, ನೀನು ಬಂದ್ಮೇಲೆ ಬೆಳಿಗ್ಗೆ ಬೇಗ ಹೊರಡೋಣ.

ನಿನ್ನ ಗೆಳೆಯ