ಆ ಎರಡು ಪ್ರಶ್ನೆ ಕೇಳಿದ ಮೇಲೆ ಮುಂದೇನು? ಹಾವೇರಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

30 ವರ್ಷ ದಾಟಿದವರ ಬಿಪಿ, ಶುಗರ್ ತಪಾಸಣೆಗೆ ಆಶಾ ಅಕ್ಕಂದಿರು ಮನೆಮನೆಗೆ ಬಂದು ಒಂದು ಫಾರಂ ತುಂಬುತ್ತಾರಲ್ಲ, ಅದರಲ್ಲಿ ಮನಸ್ಸಿನ ಬಗ್ಗೆಯೂ, ಅಂದರೆ ಖಿನ್ನತೆ ಇರಬಹುದಾ ಅಂತ ತಿಳಿಯಲು, ಎರಡು ಪ್ರಶ್ನೆ ಇವೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತಾ, ಮನಸ್ಸು ಕುಗ್ಗಿತ್ತಾ ಅಂತ. ಒಂದೊಂದಕ್ಕೆ 0ರಿಂದ 3 ಅಂಕ. ದುಡ್ಡು ಬೇಡ, ಯಂತ್ರ ಬೇಡ, ಎರಡು ನಿಮಿಷ ಸಾಕು.

ಆದರೆ ಕೇಳುವುದು ಎಲ್ಲಿ? ಪಡಸಾಲೆಯಲ್ಲಿ, ಅತ್ತೆ, ಗಂಡ, ಪಕ್ಕದ ಮನೆಯವರು ಕೂತಿರುವಾಗ. ಸೊಸೆಯಾದವಳು ಏನು ಹೇಳಬೇಕು? "ಏನಿಲ್ರಿ ಅಕ್ಕಾ, ಆರಾಮ ಅದೀನಿ." ಸೊನ್ನೆ, ಸೊನ್ನೆ. ಇದು ಆಶಾ ಅಕ್ಕನ ತಪ್ಪಲ್ಲ, ಹತ್ತು ರಿಜಿಸ್ಟರ್ ಹೊತ್ತುಕೊಂಡು ಓಡಾಡುವವರು ಅವರು. ಅದೇ ಸೊಸೆ ತಿಂಗಳಾದ ಮೇಲೆ ತಲೆನೋವು, ಮೈಕೈ ನೋವು, ನಿದ್ದೆ ಇಲ್ಲ ಅಂತ ಆಸ್ಪತ್ರೆಗೆ ಬರುತ್ತಾಳೆ, ಒಂದು ಸಲಾಯಿನ್ ಏರಿಸಿಕೊಂಡು ಹೋಗುತ್ತಾಳೆ. ಮನಸ್ಸಿನ ಸಂಕಟ ನಮ್ಮ ಕಡೆ ಬಹಳ ಸಲ ಮೈ ನೋವಾಗಿಯೇ ಬರುತ್ತದೆ, ಇದು ನಿಮಗೆ ಗೊತ್ತಿರುವುದೇ ಅಲ್ವಾ? ಹಾಗಾಗಿ ಈ ಪ್ರಶ್ನೆಗಳನ್ನು ಆರೋಗ್ಯ ಕೇಂದ್ರದಲ್ಲೂ, ಬಿಪಿ ನೋಡುವ ಹೊತ್ತಿಗೆ, ಒಬ್ಬರನ್ನೇ ಕೂರಿಸಿ ಕೇಳಿಸಿ. ಹೆರಿಗೆಯಾದ ತಾಯಂದಿರನ್ನಂತೂ ಬಿಡಬೇಡಿ.

ಇನ್ನು ಕೇಳಿ ಸುಮ್ನೆ ಬಿಡುವುದಾದರೆ ಕೇಳಲೇಬಾರದು. ಅಂಕ ಜಾಸ್ತಿ ಬಂದವರಿಗೆ ಡಾಕ್ಟರು ಒಂಬತ್ತು ಪ್ರಶ್ನೆಗಳ ಪಟ್ಟಿ ಹಿಡಿದು ವಿಚಾರಿಸಬೇಕು. ಅದರಲ್ಲಿ ಕೊನೆಯದು ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಹೌದು ಅಂದವರನ್ನು "ಮುಂದಿನ ವಾರ ಬಾ" ಅಂತ ಕಳಿಸಬಾರದು, ಅವತ್ತೇ ಮನೆಯವರನ್ನು ಕರೆಸಿ ಮಾತಾಡಬೇಕು, ಹೊಲದ ಔಷಧಿ ಡಬ್ಬಿ ಕೈಗೆ ಸಿಗದಂತೆ ಇಡಲು ಹೇಳಬೇಕು, ಹಗಲು ರಾತ್ರಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಬರೆದು ಕೊಡಬೇಕು. ಮಾತ್ರೆ ಶುರು ಮಾಡುವ ಮುಂಚೆ ಇನ್ನೊಂದು ಮಾತು ಕೇಳಲೇಬೇಕು: ಹಿಂದೆ ಯಾವಾಗಲಾದರೂ ನಿದ್ದೆ ಇಲ್ಲದಿದ್ದರೂ ದಣಿವಿಲ್ಲದೆ, ವಿಪರೀತ ಹುರುಪಿನಿಂದ, ಮಿತಿಮೀರಿ ಮಾತಾಡುತ್ತಾ, ಖರ್ಚು ಮಾಡುತ್ತಾ ಕೆಲವು ದಿನ ಇದ್ದರಾ ಅಂತ. ಬೈಪೋಲಾರ್, ಅಂದರೆ ಕೆಲವು ಕಾಲ ಇಂಥ ಹುರುಪು, ಕೆಲವು ಕಾಲ ಖಿನ್ನತೆ ಬರುವ ಕಾಯಿಲೆ, ಇರುವವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಆ ಹುರುಪು ಕೆರಳಬಹುದು. ಅಂಥವರನ್ನು ಮನೋವೈದ್ಯರ ಹತ್ತಿರ ಕಳಿಸಲೇಬೇಕು.

ಆದರೆ ಎಲ್ಲರನ್ನೂ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬರೆದು ಕಳಿಸುವುದು ಪರಿಹಾರ ಅಲ್ಲ. ಹಿರೇಕೆರೂರು ಕಡೆಯ ಕೂಲಿಯವರಿಗೆ ಅದು ಒಂದು ದಿನದ ಪಗಾರ, ಬಸ್ ಚಾರ್ಜು, ಜೊತೆಗೆ ಇನ್ನೊಬ್ಬರ ಪಗಾರ. ಫ್ಲುಆಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆ ದುಬಾರಿಯೇನಲ್ಲ, ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕು. ನಡುವೆ ಸ್ಟಾಕ್ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಆ ಮನುಷ್ಯ ತಿರುಗಿ ಬರುವುದಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಪ್ರಾಥಮಿಕ ಹಂತದಲ್ಲೂ ಈ ಸೇವೆ ಇರಬೇಕು ಅನ್ನುತ್ತದೆ. ಜಿಲ್ಲೆಯ ಯಾವ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆ ಇದೆ, ಯಾವ ಡಾಕ್ಟರಿಗೆ ತರಬೇತಿ ಆಗಿದೆ ಅನ್ನುವ ಪಟ್ಟಿಯನ್ನು ಪ್ರತಿ ಕೇಂದ್ರದ ಗೋಡೆಗೆ ಹಚ್ಚಿಸಿ. ಇಲ್ಲದ ಕಡೆ ಯಾವಾಗ ಬರುತ್ತದೆ ಅಂತ ತಾರೀಖು ಬರೆಸಿ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ನಿವಾಸಿ